ಗೋಡೌನ್ ತುಂಬಿದೆ, ಶೆಲ್ಫ್ ಖಾಲಿ: ತಪ್ಪು ಎಲ್ಲಿದೆ ಅಂತ ಹುಡುಕುವುದು ಹೇಗೆ?

"ಸಾರ್, ತೊಗರಿಬೇಳೆ ಒಂದು ಕೆಜಿ ಪ್ಯಾಕ್ ಖಾಲಿಯಾಗಿ ನಾಲ್ಕು ದಿನ ಆಯ್ತು. ಗಿರಾಕಿಗಳಿಗೆ ಏನು ಹೇಳಲಿ?"

ಹಾಸನದ ಅಂಗಡಿಯ ಮ್ಯಾನೇಜರ್ ಹೀಗೆ ಫೋನ್ ಮಾಡಿದಾಗ ನನ್ನ ಸ್ಕ್ರೀನ್ ಆ ಅಂಗಡಿಯಲ್ಲಿ 40 ಪ್ಯಾಕ್ ಇದೆ ಎನ್ನುತ್ತಿತ್ತು. ನೆಲಮಂಗಲದ ಹತ್ತಿರದ ನಮ್ಮ ಗೋಡೌನ್‌ನಲ್ಲಿ ಅದೇ ಬೇಳೆಯ ಬಾಕ್ಸ್‌ಗಳನ್ನು ಸೂರಿನವರೆಗೆ ಪೇರಿಸಿಟ್ಟಿದ್ದರು. ಮಾಲಿಗೂ ಕೊರತೆ ಇಲ್ಲ, ಲಾರಿಗೂ ಕೊರತೆ ಇಲ್ಲ. ಆದರೂ ಶೆಲ್ಫ್ ಖಾಲಿ. ನಾನು ಆಗ ದಿನಸಿ ಮಾರುವ ಒಂದು ಮಧ್ಯಮ ಗಾತ್ರದ ಕಂಪನಿಯಲ್ಲಿ ರಿಪ್ಲೆನಿಶ್‌ಮೆಂಟ್ ನೋಡಿಕೊಳ್ಳುತ್ತಿದ್ದೆ. ಯಾವ ಅಂಗಡಿಗೆ ಏನು, ಎಷ್ಟು, ಯಾವಾಗ ಹೋಗಬೇಕು ಎಂದು ಸಿಸ್ಟಂ ಹಾಕುವ ಇಂಡೆಂಟ್‌ಗಳಿಗೆ ನಾನೇ ಜವಾಬ್ದಾರಿ.

ಆವತ್ತು ಈ ಕೆಲಸದಲ್ಲಿರುವ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಮಿನಿಮಂ 40 ಇದ್ದದ್ದನ್ನು 80ಕ್ಕೆ, ಮ್ಯಾಕ್ಸಿಮಂ 80 ಇದ್ದದ್ದನ್ನು 120ಕ್ಕೆ ಏರಿಸಿದೆ. ಸ್ಟಾಕ್ ಮಿನಿಮಂಗಿಂತ ಕೆಳಗಿಳಿದರೆ ಮ್ಯಾಕ್ಸಿಮಂವರೆಗೆ ತುಂಬಿಸುವುದು ನಮ್ಮ ಸಿಸ್ಟಂನ ನಿಯಮ. ಕೂಡಲೇ 80 ಪ್ಯಾಕ್‌ಗೆ ಇಂಡೆಂಟ್ ಬಿತ್ತು, ಲಾರಿ ಹೋಯಿತು, ಫೋನ್ ತಣ್ಣಗಾಯಿತು. ಲಾರಿ ಇಳಿದು ವಾರ ಕಳೆಯುವ ಮೊದಲೇ ಮತ್ತೆ ಅದೇ ಫೋನ್. ಈ ಸಲ ಸ್ಕ್ರೀನ್ 80 ತೋರಿಸುತ್ತಿತ್ತು. ಮಿನಿಮಂ 80, ಸ್ಟಾಕ್ 80. ಸಿಸ್ಟಂಗೆ ಇಂಡೆಂಟ್ ಹಾಕಲು ಕಾರಣವೇ ಇಲ್ಲ.

ಉತ್ತರ ಆ ಎರಡು ಸಂಖ್ಯೆಗಳಲ್ಲೇ ಕೂತಿತ್ತು. 40 ಮತ್ತು 80. ನನಗೆ ಕಾಣಲಿಲ್ಲ.

ಆಮೇಲಿಂದ ನಾನು ಒಂದು ಕ್ರಮ ಇಟ್ಟುಕೊಂಡೆ. ಶೆಲ್ಫ್‌ನಿಂದ ಶುರು ಮಾಡಿ ಹಿಂದಕ್ಕೆ ನಡೆಯುವುದು. ಶೆಲ್ಫ್, ಅಂಗಡಿಯ ಹಿಂದಿನ ಸ್ಟೋರ್ ರೂಂ, ಸ್ಟಾಕ್ ಲೆಕ್ಕ, ದಾರಿಯಲ್ಲಿರುವ ಮಾಲು, ಐಟಂ ಮಾಸ್ಟರ್ (ಪ್ರತಿ ಐಟಂನ ವಿವರ ಇಟ್ಟಿರುವ ಸಿಸ್ಟಂನ ಪಟ್ಟಿ), ಸೂತ್ರ, ಕೊನೆಗೆ ಗೋಡೌನ್‌ನ ಹಂಚಿಕೆ. ಮಿನ್-ಮ್ಯಾಕ್ಸ್‌ಗೆ ಕೈ ಹಾಕುವುದು ಇದೆಲ್ಲ ಮುಗಿದ ಮೇಲೆ. ಸಿಸ್ಟಂ ಕೂಡಿ ಕಳೆಯುವುದರಲ್ಲಿ ತಪ್ಪು ಮಾಡುವುದು ತೀರಾ ಅಪರೂಪ. ತಪ್ಪು ಅದಕ್ಕೆ ನಾವು ಕೊಟ್ಟ ಸಂಖ್ಯೆಯಲ್ಲಿರುತ್ತದೆ.

ಮೊದಲು ರೋಗ ಎಷ್ಟು ಹರಡಿದೆ ಅಂತ ನೋಡಿ

ಒಂದೇ ಅಂಗಡಿಯಲ್ಲಿ ಒಂದೇ ಐಟಂ ಇಲ್ಲವೆಂದರೆ ಆ ಅಂಗಡಿಯ ಸ್ಟಾಕ್ ಲೆಕ್ಕದ ಮೇಲೆ ಅನುಮಾನ ಪಡಿ. ಒಂದೇ ಐಟಂ ಎಲ್ಲ ಅಂಗಡಿಗಳಲ್ಲೂ ಇಲ್ಲ, ಆದರೆ ಗೋಡೌನ್‌ನಲ್ಲಿ ಇದೆ ಅಂದರೆ ಐಟಂ ಮಾಸ್ಟರ್ ನೋಡಿ. ಒಂದೇ ಅಂಗಡಿಯಲ್ಲಿ ಹತ್ತಾರು ಐಟಂ ಇಲ್ಲವೆಂದರೆ ಲಾರಿಯ ದಿನ, ಲೀಡ್ ಟೈಮ್ (ಇಂಡೆಂಟ್ ಬಿದ್ದು ಮಾಲು ಬರುವವರೆಗಿನ ದಿನ) ಅಥವಾ ಜಿಆರ್‌ಎನ್ (ಮಾಲು ಬಂತು ಅಂತ ಅಂಗಡಿ ಸಿಸ್ಟಂನಲ್ಲಿ ಒತ್ತುವ ನಮೂದು) ತಡ. ಕೆಲವೇ ಅಂಗಡಿಗಳಿಗೆ ಪ್ರತಿ ಸಲವೂ ಕಡಿಮೆ ಬರುತ್ತಿದ್ದರೆ ಅದು ಹಂಚಿಕೆಯ ತೊಂದರೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಈ ಒಂದು ವಿಂಗಡಣೆಗೆ ಹತ್ತು ನಿಮಿಷ ಕೊಟ್ಟರೆ ಅರ್ಧ ದಿನ ಉಳಿಯುತ್ತದೆ.

ಶೆಲ್ಫ್ ಮತ್ತು ಸ್ಟೋರ್ ರೂಂ

ಅಂಗಡಿಯವರಿಗೆ ಫೋನ್ ಮಾಡಿ "ಇದೆಯಾ?" ಅಂತ ಕೇಳಬೇಡಿ. "ಇಲ್ಲ ಸಾರ್" ಅನ್ನುತ್ತಾರೆ, ಶೆಲ್ಫ್ ಕಡೆ ತಿರುಗಿಯೂ ನೋಡುವುದಿಲ್ಲ. "ಶೆಲ್ಫ್ ಫೋಟೊ ಕಳಿಸಿ, ಸ್ಟೋರ್ ರೂಂನ ಫೋಟೊನೂ ಕಳಿಸಿ" ಅನ್ನಿ. ಬೇರೆ ಬಾಕ್ಸ್‌ನ ಹಿಂದೆ, ಆಫರ್ ರ‍್ಯಾಕ್‌ನಲ್ಲಿ, ಡ್ಯಾಮೇಜ್ ಮೂಲೆಯಲ್ಲಿ ಸಿಕ್ಕ ಮಾಲನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ಕಾರ್ಸ್ಟನ್ ಮತ್ತು ಗ್ರೂಯೆನ್ ಎಂಬ ಸಂಶೋಧಕರು 2000ದ ದಶಕದ ಆರಂಭದಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಗಿರಾಕಿ ಹುಡುಕುವ ಐಟಂಗಳಲ್ಲಿ ಸರಾಸರಿ 8.3% ಶೆಲ್ಫ್‌ನಲ್ಲಿ ಇರುವುದಿಲ್ಲ ಅಂತ ಕಂಡುಬಂತು. ಅದರಲ್ಲಿ ಸುಮಾರು ಕಾಲು ಭಾಗದಲ್ಲಿ ಮಾಲು ಅದೇ ಅಂಗಡಿಯೊಳಗೇ ಇತ್ತು, ಶೆಲ್ಫ್‌ಗೆ ಬಂದಿರಲಿಲ್ಲ ಅಷ್ಟೇ. ಅಂಥ ಕಡೆ ನೀವು ಗೋಡೌನ್‌ನಿಂದ ಇನ್ನೊಂದು ಲಾರಿ ಕಳಿಸಿದರೆ ಸ್ಟೋರ್ ರೂಂ ಇನ್ನೂ ಕಿಕ್ಕಿರಿಯುತ್ತದೆ, ಹುಡುಕುವುದು ಇನ್ನೂ ಕಷ್ಟವಾಗುತ್ತದೆ.

ಎರಡೂ ಕಡೆ ಇಲ್ಲ ಅಂತ ಖಚಿತವಾದ ಮೇಲೆ ಸಿಸ್ಟಂ ತೆರೆಯಿರಿ.

ಲೆಕ್ಕದಲ್ಲಿ ಇರುವ, ಕೈಗೆ ಸಿಗದ ಸ್ಟಾಕ್

ನಾವು ಇದನ್ನು ದೆವ್ವದ ಸ್ಟಾಕ್ ಅಂತ ಕರೆಯುತ್ತಿದ್ದೆವು. ಮಾಲು ಇದೆ ಎಂದು ಸಿಸ್ಟಂ ನಂಬಿರುವವರೆಗೆ ಹೊಸ ಇಂಡೆಂಟ್ ಬೀಳುವುದಿಲ್ಲ. ಮಾಲು ಇಲ್ಲದ ಕಾರಣ ಮಾರಾಟವೂ ಇಲ್ಲ. ಮಾರಾಟವಿಲ್ಲದ ಕಾರಣ ಸ್ಟಾಕ್ ಸಂಖ್ಯೆ ಇಳಿಯುವುದಿಲ್ಲ. ಯಾರಾದರೂ ಹೋಗಿ ಎಣಿಸುವವರೆಗೂ ಇದು ಹೀಗೇ ಇರುತ್ತದೆ. ಡಿಹೊರೇಶಿಯಸ್ ಮತ್ತು ರಾಮನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಕಂಪನಿಯ 37 ಅಂಗಡಿಗಳ ಸುಮಾರು 3,70,000 ಸ್ಟಾಕ್ ದಾಖಲೆಗಳನ್ನು ನೋಡಿದ್ದರು. ಅದರಲ್ಲಿ 65% ತಪ್ಪಾಗಿದ್ದವು. ಈ ಸಂಖ್ಯೆ ಓದಿದ ಮೇಲೆ ನನಗೆ ನಮ್ಮ ಅಂಗಡಿಗಳ ಮೇಲಿದ್ದ ಸಿಟ್ಟು ಸ್ವಲ್ಪ ಕಡಿಮೆಯಾಯಿತು.

ಹಿಡಿಯುವ ದಾರಿ ಸುಲಭ. ಸ್ಟಾಕ್ ಇದೆ ಅನ್ನುತ್ತಿದ್ದು, ದಿನಾ ಮಾರಾಟವಾಗಬೇಕಾದ ಐಟಂ ಮೂರು-ನಾಲ್ಕು ದಿನ ಒಂದೂ ಬಿಲ್ ಆಗದೆ ಇದ್ದರೆ ಪಟ್ಟಿ ತೆಗೆಯಿರಿ. ಬೇಳೆ, ಹಾಲು, ಉಪ್ಪು, ಬಟ್ಟೆ ಸೋಪು ಇಂಥವು ನಾಲ್ಕು ದಿನ ಸುಮ್ನೆ ಕೂರುವುದಿಲ್ಲ. ಪಟ್ಟಿಯಲ್ಲಿರುವುದನ್ನು ಮಾತ್ರ ಎಣಿಸಲು ಹೇಳಿ. ಇಡೀ ಅಂಗಡಿ ಎಣಿಸಿ ಅಂದರೆ ಯಾರೂ ಎಣಿಸುವುದಿಲ್ಲ, ಹಳೇ ಸಂಖ್ಯೆಯನ್ನೇ ಬರೆದು ಕಳಿಸುತ್ತಾರೆ.

ವ್ಯತ್ಯಾಸ ಸಿಕ್ಕಿದ ಕೂಡಲೇ ಸೊನ್ನೆ ಮಾಡಿ ಮುಂದೆ ಹೋಗಬೇಡಿ. ವ್ಯತ್ಯಾಸದ ಸಂಖ್ಯೆಯನ್ನು ದಿಟ್ಟಿಸಿ ನೋಡಿ, ಅದೇ ಕಾರಣ ಹೇಳುತ್ತದೆ.

3, 7 ಹೀಗೆ ಸಣ್ಣ, ಅಡ್ಡಾದಿಡ್ಡಿ ಸಂಖ್ಯೆ ಆಗಿದ್ದರೆ ಕಳ್ಳತನ, ಇಲಿ ಕಡಿದ ಪ್ಯಾಕ್, ಬರೆಯದೆ ಬಿಟ್ಟ ಡ್ಯಾಮೇಜ್. ಒಂದು ಬಗೆ ಪ್ಲಸ್ 12, ಅದರದೇ ಅಕ್ಕತಂಗಿ ಬಗೆ ಮೈನಸ್ 12 ಆಗಿದ್ದರೆ ಬಿಲ್ಲಿಂಗ್ ಕೌಂಟರ್ ನೋಡಿ. ಗಿರಾಕಿ ಎರಡು ಮಲ್ಲಿಗೆ, ಎರಡು ಗಂಧದ ಊದುಬತ್ತಿ ತಂದರೆ ಕ್ಯಾಷಿಯರ್ ಒಂದನ್ನು ಸ್ಕ್ಯಾನ್ ಮಾಡಿ ನಾಲ್ಕು ಅಂತ ಒತ್ತುತ್ತಾರೆ. ಬೆಲೆ ಒಂದೇ ಅಲ್ವಾ, ಅವರ ಪಾಲಿಗೆ ಬಿಲ್ ಸರಿ. ಸ್ಟಾಕ್ ಮಾತ್ರ ಎರಡೂ ಕಡೆ ಕೆಟ್ಟಿತು.

ನಮ್ಮ ದೇಶದ್ದೇ ಆದ ಇನ್ನೊಂದು ತೊಂದರೆ ಎಂಆರ್‌ಪಿ. ಒಂದೇ ಬಾರ್‌ಕೋಡ್, ಎರಡು ಎಂಆರ್‌ಪಿ. ಸಾಫ್ಟ್‌ವೇರ್ ಪ್ರತಿ ಎಂಆರ್‌ಪಿಗೂ ಬೇರೆ ಸಾಲು ಇಡುತ್ತದೆ. ಸ್ಕ್ಯಾನ್ ಮಾಡಿದಾಗ ಯಾವುದು ಅಂತ ಕೇಳುತ್ತದೆ, ಸಾಲು ಉದ್ದ ಇದ್ದಾಗ ಕ್ಯಾಷಿಯರ್ ಮೊದಲು ಕಂಡದ್ದನ್ನು ಒತ್ತುತ್ತಾರೆ. ಹಳೇ ಎಂಆರ್‌ಪಿ ಸಾಲಿನಲ್ಲಿ ಮಾಲು ಇಲ್ಲದಿದ್ದರೂ 15 ಉಳಿಯುತ್ತದೆ, ಹೊಸದು ಮೈನಸ್ ಆಗುತ್ತದೆ. ಕೆಲವು ಸಿಸ್ಟಂ ಮೈನಸ್ ಅನ್ನು ಸೊನ್ನೆ ಅಂತ ಲೆಕ್ಕ ಹಾಕಿ, ಉಳಿದ 15ನ್ನು ಇದೆ ಅಂತ ತಿಳಿಯುತ್ತವೆ. 2025ರ ಸೆಪ್ಟೆಂಬರ್ 22ರಂದು ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕೆಟ್ ಮುಂತಾದವುಗಳ ಜಿಎಸ್‌ಟಿ 18%ರಿಂದ 5%ಕ್ಕೆ ಇಳಿಯಿತಲ್ಲ, ಅಂಥ ಬದಲಾವಣೆ ಆದಾಗಲೆಲ್ಲ ಈ ಸಾಲುಗಳು ಬೆಳೆಯುತ್ತವೆ. ದರ ಬದಲಾದ ತಿಂಗಳಲ್ಲಿ ಮೈನಸ್ ಸ್ಟಾಕ್ ರಿಪೋರ್ಟ್ ಅನ್ನು ವಾರಕ್ಕೊಮ್ಮೆ ಸಾಕು ಅಂತ ಬಿಡಬೇಡಿ, ದಿನಾ ನೋಡಿ.

ಇನ್ನು ವ್ಯತ್ಯಾಸ 10, 20, 40 ಹೀಗೆ ಗುಂಡಗೆ ಇದ್ದರೆ? ಆಗ ಬಾಕ್ಸ್ ತೆಗೆದು ನೋಡಿ.

ಹಾಸನದಲ್ಲಿ ನಡೆದದ್ದು ಅದೇ. ಬೇಳೆ ಪ್ಯಾಕ್ ಮಾಡುವವರು ಬಾಕ್ಸ್ ಅನ್ನು 20 ಪ್ಯಾಕ್‌ನಿಂದ 10ಕ್ಕೆ ಇಳಿಸಿದ್ದರು. ಹೊರುವವರಿಗೆ ಹಗುರವಾಗಲಿ ಅಂತ ಇರಬೇಕು. ನಮ್ಮ ಐಟಂ ಮಾಸ್ಟರ್‌ನಲ್ಲಿ ಕೇಸ್ ಪ್ಯಾಕ್ 20 ಅಂತಲೇ ಇತ್ತು. ಸಿಸ್ಟಂ 80 ಬೇಕು ಅಂತ 4 ಬಾಕ್ಸ್ ಕೇಳಿತು. 4 ಬಾಕ್ಸ್ ಹೋಯಿತು, ಅಂದರೆ 40 ಪ್ಯಾಕ್. ಅಂಗಡಿಯವರು ಬಾಕ್ಸ್ ಎಣಿಸಿ ಜಿಆರ್‌ಎನ್ ಒತ್ತಿದರು, ಲೆಕ್ಕಕ್ಕೆ 80 ಸೇರಿತು. ಮೊದಲೇ ಇದ್ದ 40 ದೆವ್ವಗಳ ಜೊತೆ ಇನ್ನೂ 40 ಸೇರಿಕೊಂಡವು. 40 ಪ್ಯಾಕ್ ಮೂರ‍್ನಾಲ್ಕು ದಿನದಲ್ಲಿ ಖಾಲಿಯಾಯಿತು, ಸ್ಕ್ರೀನ್‌ನಲ್ಲಿ 80 ಉಳಿಯಿತು. ನಾನು ಮಿನಿಮಂ ಏರಿಸಿದಷ್ಟೂ ದೆವ್ವಗಳೇ ಜಾಸ್ತಿಯಾಗುತ್ತಿದ್ದವು.

ಗೋಡೌನ್‌ನವರಿಗೆ ಗೊತ್ತಾಗಲಿಲ್ಲವಾ ಅಂತ ಕೇಳಬಹುದು. ಅವರು ಬಾಕ್ಸ್ ಲೆಕ್ಕದಲ್ಲಿ ತೆಗೆದುಕೊಂಡು ಬಾಕ್ಸ್ ಲೆಕ್ಕದಲ್ಲಿ ಕೊಡುತ್ತಾರೆ. ಅವರ ಲೆಕ್ಕ ಪಕ್ಕಾ ಇತ್ತು.

ದಾರಿಯಲ್ಲಿರುವ ಮಾಲು

ಸಿಸ್ಟಂ ಇಂಡೆಂಟ್ ಹಾಕುವ ಮೊದಲು ಕೈಯಲ್ಲಿರುವ ಸ್ಟಾಕ್‌ಗೆ ದಾರಿಯಲ್ಲಿರುವುದನ್ನೂ ಸೇರಿಸಿ ನೋಡುತ್ತದೆ. ಗೋಡೌನ್ ಡಿಸ್ಪ್ಯಾಚ್ ಮಾಡಿದೆ, ಅಂಗಡಿ ಜಿಆರ್‌ಎನ್ ಮಾಡಿಲ್ಲ ಅಂದರೆ ಆ ಮಾಲು ಎಂದೆಂದೂ ದಾರಿಯಲ್ಲೇ ಇರುತ್ತದೆ. ಮಾಲು ಬೇರೆ ಅಂಗಡಿಯಲ್ಲಿ ಇಳಿದಿರಬಹುದು, ಇಳಿದು ಮಾರಾಟವೂ ಆಗಿರಬಹುದು. ನಿಮ್ಮ ಲೀಡ್ ಟೈಮ್‌ನ ಎರಡು ಪಟ್ಟಿಗಿಂತ ಹಳೆಯದಾದ, ಮುಚ್ಚದೆ ಉಳಿದ ಚಲನ್‌ಗಳ ಪಟ್ಟಿ ತೆಗೆಯಿರಿ. ಬೆಂಗಳೂರಿನಿಂದ ಹಾಸನ 200 ಕಿಲೋಮೀಟರ್ ಒಳಗೆ. ಅಷ್ಟು ದೂರಕ್ಕೆ ಇ-ವೇ ಬಿಲ್‌ನ, ಅಂದರೆ ಮಾಲು ಸಾಗಿಸುವಾಗ ಜೊತೆಗಿರಬೇಕಾದ ಜಿಎಸ್‌ಟಿ ದಾಖಲೆಯ, ಅವಧಿಯೇ ಒಂದು ದಿನ. ಹನ್ನೆರಡು ದಿನದಿಂದ ದಾರಿಯಲ್ಲಿದೆ ಅಂತ ಸ್ಕ್ರೀನ್ ಹೇಳಿದರೆ ಅದನ್ನು ನಂಬುವುದಾದರೂ ಹೇಗೆ?

ಯಾರೋ ಒತ್ತಿ ಮರೆತ ಸ್ವಿಚ್

ಇದು ಎರಡು ನಿಮಿಷದ ಕೆಲಸ, ಆದರೂ ಬಿಡಬೇಡಿ. ಐಟಂ ಆ ಅಂಗಡಿಗೆ ಲಿಸ್ಟ್ ಆಗಿದೆಯಾ? ಆಟೊ ಇಂಡೆಂಟ್ ಆನ್ ಇದೆಯಾ? ಹಿಂದೆ ಕ್ವಾಲಿಟಿ ದೂರು ಬಂದಾಗ ಹಾಕಿದ ಬ್ಲಾಕ್ ತೆಗೆದಿದ್ದಾರಾ?

ಅಮೆರಿಕದ ಟಾರ್ಗೆಟ್ ಕಂಪನಿ 2013ರಲ್ಲಿ ಕೆನಡಾಕ್ಕೆ ಹೋಗಿ, 2015ರ ಜನವರಿಯಲ್ಲಿ ಅಲ್ಲಿನ 133 ಅಂಗಡಿಗಳನ್ನೂ ಮುಚ್ಚುವುದಾಗಿ ಹೇಳಿತು. ಅವರ ಗೋಡೌನ್‌ಗಳು ಉಕ್ಕುತ್ತಿದ್ದವು, ಶೆಲ್ಫ್‌ಗಳು ಬಣಗುಡುತ್ತಿದ್ದವು. ಐಟಂ ಮಾಸ್ಟರ್‌ನಲ್ಲಿ ಸೆಂಟಿಮೀಟರ್ ಇರಬೇಕಾದ ಕಡೆ ಇಂಚು, ಉದ್ದ ಇರಬೇಕಾದ ಕಡೆ ಅಗಲ ಹೀಗೆಲ್ಲ ತುಂಬಿದ್ದರು ಅಂತ ಅಲ್ಲಿನ ಪತ್ರಿಕೆಗಳು ಆಮೇಲೆ ಬರೆದವು. ಸ್ಟಾಕ್ ಇಲ್ಲದ ಐಟಂಗಳ ಆಟೊ ಇಂಡೆಂಟ್ ಸ್ವಿಚ್ ಅನ್ನು ಕೆಲವರು ಆಫ್ ಮಾಡಿ ಇಡುತ್ತಿದ್ದರು ಅಂತಲೂ ವರದಿಯಾಯಿತು. ಹಾಗೆ ಮಾಡಿದರೆ ಆ ಐಟಂ ಖಾಲಿ ಪಟ್ಟಿಯಲ್ಲಿ ಬರುವುದಿಲ್ಲ, ಅವರ ರಿಪೋರ್ಟ್ ಚೆನ್ನಾಗಿ ಕಾಣುತ್ತದೆ. ಓದುವಾಗ ನಗು ಬರುತ್ತದೆ. ಆದರೆ ತಿಂಗಳ ಕೊನೆಯ ಮೀಟಿಂಗ್‌ನಲ್ಲಿ ಬೈಸಿಕೊಂಡವರಿಗೆ ಆ ಆಸೆ ಎಲ್ಲಿಂದ ಹುಟ್ಟುತ್ತದೆ ಅಂತ ಗೊತ್ತು.

ಈಗ ಸೂತ್ರವನ್ನು ಕೈಯಲ್ಲಿ ಹಾಕಿ ನೋಡಿ

ಕಾಗದ ಪೆನ್ನು ತೆಗೆದುಕೊಳ್ಳಿ. ದಿನಕ್ಕೆ ಸರಾಸರಿ 12 ಪ್ಯಾಕ್ ಮಾರಾಟ. ವಾರಕ್ಕೆ ಎರಡು ಲಾರಿ, ಎರಡರ ನಡುವಿನ ದೊಡ್ಡ ಅಂತರ 4 ದಿನ. ಇಂಡೆಂಟ್ ಬಿದ್ದು ಮಾಲು ಶೆಲ್ಫ್‌ಗೆ ಬರಲು 2 ದಿನ. ಒಟ್ಟು 6 ದಿನ ತಡೆದುಕೊಳ್ಳಬೇಕು, ಅಂದರೆ 72 ಪ್ಯಾಕ್. ದಿನದ ಮಾರಾಟದ ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, 5 ಅಂತ ಇಟ್ಟುಕೊಳ್ಳಿ. 95% ಸಲ ಖಾಲಿಯಾಗಬಾರದು ಅಂದರೆ ಸೇಫ್ಟಿ ಸ್ಟಾಕ್, ಅಂದರೆ ಏರಿಳಿತಕ್ಕೆ ಇಡುವ ಹೆಚ್ಚುವರಿ ಮಾಲು, 1.65 (95%ಗೆ ಬಳಸುವ ಸಂಖ್ಯೆ) × 5 × 6ರ ವರ್ಗಮೂಲ, ಸುಮಾರು 20. ಒಟ್ಟು ಗುರಿ 92. ಮೊದಲಿದ್ದ 80 ಸ್ವಲ್ಪ ಕಡಿಮೆ, ನಾನು ಗಾಬರಿಯಲ್ಲಿ ಇಟ್ಟ 120 ಜಾಸ್ತಿ.

ನಿಮ್ಮ ಉತ್ತರಕ್ಕೂ ಸಿಸ್ಟಂ ಉತ್ತರಕ್ಕೂ ತುಂಬಾ ವ್ಯತ್ಯಾಸ ಇದ್ದರೆ ಒಳಗಿನ ಒಂದೊಂದು ಸಂಖ್ಯೆ ಹೋಲಿಸಿ. ಹೆಚ್ಚಾಗಿ ಸಿಕ್ಕಿಬೀಳುವುದು ಲೀಡ್ ಟೈಮ್. ಮಾಸ್ಟರ್‌ನಲ್ಲಿ 1 ದಿನ ಅಂತ ಯಾರೋ ಐದು ವರ್ಷದ ಹಿಂದೆ ಬರೆದಿರುತ್ತಾರೆ. ಇಂಡೆಂಟ್ ದಿನ, ಡಿಸ್ಪ್ಯಾಚ್ ದಿನ, ಜಿಆರ್‌ಎನ್ ದಿನ ಮೂರನ್ನೂ ಕಳೆದ ಇಪ್ಪತ್ತು ಸಲದ್ದು ತೆಗೆದು ನೋಡಿ. ನಮ್ಮಲ್ಲಿ ಲಾರಿ ಶನಿವಾರ ಸಂಜೆ ಬರುತ್ತಿತ್ತು, ಜಿಆರ್‌ಎನ್ ಸೋಮವಾರ ಮಧ್ಯಾಹ್ನ. ಭಾನುವಾರದ ಭಾರಿ ವ್ಯಾಪಾರ ಅದರ ನಡುವೆ.

ದಿನದ ಸರಾಸರಿಯಲ್ಲೂ ಒಂದು ಮೋಸ ಇದೆ. 30 ದಿನದಲ್ಲಿ 10 ದಿನ ಮಾಲೇ ಇರಲಿಲ್ಲ, ಉಳಿದ 20 ದಿನ ದಿನಕ್ಕೆ 12 ಮಾರಾಟವಾಯಿತು. ಒಟ್ಟು 240. ಸಿಸ್ಟಂ ಅದನ್ನು 30ರಿಂದ ಭಾಗಿಸಿ 8 ಅನ್ನುತ್ತದೆ. ಗುರಿ ಇಳಿಯುತ್ತದೆ, ಮಾಲು ಇನ್ನೂ ಬೇಗ ಖಾಲಿಯಾಗುತ್ತದೆ, ಮುಂದಿನ ತಿಂಗಳ ಸರಾಸರಿ ಇನ್ನೂ ಇಳಿಯುತ್ತದೆ. ಸ್ಟಾಕ್ ಇಲ್ಲದ ದಿನಗಳನ್ನು ತೆಗೆದು ಭಾಗಿಸಿ. ಇಲ್ಲೂ ದೆವ್ವದ ಸ್ಟಾಕ್ ಕಾಟ ಕೊಡುತ್ತದೆ. ಲೆಕ್ಕದಲ್ಲಿ 40 ಇದ್ದ ದಿನವನ್ನು ಸಿಸ್ಟಂ "ಸ್ಟಾಕ್ ಇತ್ತು, ಯಾರೂ ಕೊಳ್ಳಲಿಲ್ಲ" ಅಂತ ಬರೆದುಕೊಂಡಿರುತ್ತದೆ. ಅದಕ್ಕೇ ಸ್ಟಾಕ್ ಸರಿಪಡಿಸುವುದು ಮೊದಲು, ಫೋರ್‌ಕಾಸ್ಟ್ ಆಮೇಲೆ.

ಹಬ್ಬದ ಮಾಲಿನ ದೋಷ ಬೇರೆ ಥರ. ಕಳೆದ ವರ್ಷದ ಇದೇ ವಾರ ಎಷ್ಟು ಹೋಗಿತ್ತೋ ಅಷ್ಟು ಕಳಿಸು ಅಂತ ಕೆಲವು ಸಿಸ್ಟಂಗಳಿಗೆ ಹೇಳಿರುತ್ತಾರೆ. ಸಂಕ್ರಾಂತಿಗೆ ಅದು ಸರಿ. ಜನವರಿ 14 ಅಥವಾ 15, ಎಳ್ಳು-ಬೆಲ್ಲದ ಲೆಕ್ಕ ತಪ್ಪುವುದಿಲ್ಲ. ಯುಗಾದಿ ಹಾಗಲ್ಲ. 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30. ಹಳೇ ವಾರವನ್ನೇ ನಕಲು ಮಾಡಿದರೆ ಒಬ್ಬಟ್ಟು ತಿಂದು ಹತ್ತು ದಿನ ಆದಮೇಲೆ ಕಡಲೆಬೇಳೆ, ಬೆಲ್ಲ ಬಂದು ಇಳಿಯುತ್ತದೆ. ವರಮಹಾಲಕ್ಷ್ಮಿ, ಗೌರಿ-ಗಣೇಶ, ದೀಪಾವಳಿ ಎಲ್ಲವೂ ಹೀಗೇ ಓಡಾಡುತ್ತವೆ. ಗೋಡೆಗೆ ನೇತುಹಾಕಿದ ಪಂಚಾಂಗದ ಕ್ಯಾಲೆಂಡರ್ ನೋಡಿ ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿ. ಅದಕ್ಕಿಂತ ಒಳ್ಳೆಯ ಫೋರ್‌ಕಾಸ್ಟ್ ಟೂಲ್ ನಮ್ಮ ಆಫೀಸಿನಲ್ಲಿ ಇರಲಿಲ್ಲ.

ಹಂಚಿಕೆ: ಎಲ್ಲರಿಗೂ ಸಾಲದಿದ್ದಾಗ

ಗೋಡೌನ್‌ನಲ್ಲಿ ಸಾಕಷ್ಟು ಇದ್ದಾಗ ಹಂಚಿಕೆ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಕೇಳಿದವರಿಗೆ ಕೇಳಿದಷ್ಟು. ಕೊರತೆ ಬಂದಾಗ ಸಿಸ್ಟಂ ಯಾರಿಗೆ ಮೊದಲು ಕೊಡುತ್ತದೆ ಅನ್ನುವುದು ನಿಮಗೆ ಗೊತ್ತಾ? ಬಹಳ ಜನರಿಗೆ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ.

ಪರೀಕ್ಷೆ ಹೀಗೆ. ಕಳೆದ ನಾಲ್ಕು ವಾರದಲ್ಲಿ ಕೊರತೆ ಇದ್ದ ಐಟಂಗಳನ್ನು ಮಾತ್ರ ತೆಗೆದುಕೊಳ್ಳಿ. ಪ್ರತಿ ಅಂಗಡಿ ಕೇಳಿದ್ದೆಷ್ಟು, ಸಿಕ್ಕಿದ್ದೆಷ್ಟು ಅಂತ ಶೇಕಡಾ ಹಾಕಿ. ಪಟ್ಟಿಯನ್ನು ಅಂಗಡಿ ಕೋಡ್ ಪ್ರಕಾರ ಜೋಡಿಸಿ. ಮೇಲಿನವರಿಗೆ ಪೂರ್ತಿ, ಕೆಳಗಿನವರಿಗೆ ಚೂರುಪಾರು ಅಂತ ಇಳಿಜಾರು ಕಂಡರೆ ನಿಮ್ಮ ಸಿಸ್ಟಂ ಕೋಡ್ ಕ್ರಮದಲ್ಲಿ ಒಬ್ಬೊಬ್ಬರಿಗೆ ಕೊಡುತ್ತಾ ಹೋಗುತ್ತಿದೆ. ಹೊಸದಾಗಿ ತೆರೆದ ಅಂಗಡಿಗಳ ಕೋಡ್ ಯಾವಾಗಲೂ ಕೊನೆಯಲ್ಲಿ. ಗಿರಾಕಿಗಳನ್ನು ಸೆಳೆಯಬೇಕಾದ ಹೊಸ ಅಂಗಡಿಗೇ ಮೊದಲ ದಿನದಿಂದ ಮಾಲಿಲ್ಲ. ಕೋಡ್ ಪ್ರಕಾರ ಇಳಿಜಾರು ಕಾಣದಿದ್ದರೆ ಇಂಡೆಂಟ್ ಬಿದ್ದ ಗಂಟೆಯ ಪ್ರಕಾರ ಜೋಡಿಸಿ ನೋಡಿ.

ಒಂದು ಉದಾಹರಣೆ. ಗೋಡೌನ್‌ನಲ್ಲಿ 80 ಇದೆ. ಮೊದಲ ಅಂಗಡಿಯಲ್ಲಿ 40 ಸ್ಟಾಕ್, ದಿನಕ್ಕೆ 10 ಮಾರಾಟ. ಎರಡನೆಯದರಲ್ಲಿ ಸೊನ್ನೆ, ಅದಕ್ಕೂ ದಿನಕ್ಕೆ 10. ಮೂರನೆಯದರಲ್ಲಿ 100 ಸ್ಟಾಕ್, ದಿನಕ್ಕೆ 5. ಮೊದಲ ಎರಡೂ ತಲಾ 60 ಕೇಳಿವೆ. ಸಾಲಿನಲ್ಲಿ ಕೊಟ್ಟರೆ ಮೊದಲನೆಯದಕ್ಕೆ 60, ಎರಡನೆಯದಕ್ಕೆ 20. ಒಬ್ಬರ ಬಳಿ ಹತ್ತು ದಿನದ ಮಾಲು, ಇನ್ನೊಬ್ಬರ ಬಳಿ ಎರಡು ದಿನದ್ದು. ಕೇಳಿದ ಪ್ರಮಾಣಕ್ಕೆ ತಕ್ಕಂತೆ 40-40 ಕೊಟ್ಟರೆ ಎಂಟು ದಿನ ಮತ್ತು ನಾಲ್ಕು ದಿನ. ಎಷ್ಟು ದಿನಕ್ಕೆ ಬರುತ್ತದೆ ಅನ್ನುವುದನ್ನು ಸಮ ಮಾಡಿದರೆ ಮೊದಲನೆಯದಕ್ಕೆ 20, ಎರಡನೆಯದಕ್ಕೆ 60, ಇಬ್ಬರಿಗೂ ಆರು ದಿನ. ನಾನು ಈ ಕೊನೆಯದರ ಪರ. ಮೂರನೇ ಅಂಗಡಿಯ ಬಳಿ ಇಪ್ಪತ್ತು ದಿನದ ಮಾಲಿದೆ, ಅದಕ್ಕೆ ಈ ಸಲ ಏನೂ ಬೇಡ. ಅಲ್ಲಿಂದ ಎತ್ತಿ ಬೇರೆಡೆ ಕಳಿಸುವ ಯೋಚನೆ ಮಾತ್ರ ಬೇಗ ಮಾಡಬೇಡಿ. ಟೆಂಪೊ ಬಾಡಿಗೆ ಕಳೆದರೆ ಬೇಳೆಯಲ್ಲಿ ಉಳಿಯುವ ಲಾಭ ಎಷ್ಟು ಅಂತ ನಿಮಗೇ ಗೊತ್ತು.

ಕೇಳಿದ ಪ್ರಮಾಣಕ್ಕೆ ತಕ್ಕಂತೆ ಕೊಡುವುದು ನ್ಯಾಯ ಅಂತ ಅನ್ನಿಸುತ್ತದೆ, ಅದರಲ್ಲೇ ಇನ್ನೊಂದು ಅಪಾಯವಿದೆ. ಅರ್ಧವೇ ಬರುತ್ತದೆ ಅಂತ ಗೊತ್ತಾದ ಮ್ಯಾನೇಜರ್ ಮುಂದಿನ ಸಲ ಕೈಯಾರೆ ಎರಡು ಪಟ್ಟು ಇಂಡೆಂಟ್ ಹಾಕುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಪ್ರಾಮಾಣಿಕವಾಗಿ ಕೇಳಿದವರು ಖಾಲಿ ಕೂರುತ್ತಾರೆ. ಖರೀದಿ ವಿಭಾಗದವರು ಈ ಉಬ್ಬಿದ ಇಂಡೆಂಟ್ ನೋಡಿ ಮಿಲ್‌ಗೆ ಎರಡು ಪಟ್ಟು ಆರ್ಡರ್ ಕೊಡುತ್ತಾರೆ. ಮಾಲು ಬಂದಾಗ ಬೇಡಿಕೆ ಮಾಯ. ಸಂಶೋಧಕ ಹೌ ಲೀ ಮತ್ತು ಸಂಗಡಿಗರು 1997ರಲ್ಲಿ ಬುಲ್‌ವಿಪ್ ಪರಿಣಾಮಕ್ಕೆ (ಅಂಗಡಿಯ ಸಣ್ಣ ಏರಿಳಿತ ಮಿಲ್ ಕಡೆಗೆ ಹೋದಂತೆ ದೊಡ್ಡದಾಗುವುದು) ಕೊಟ್ಟ ನಾಲ್ಕು ಕಾರಣಗಳಲ್ಲಿ ಇದೂ ಒಂದು. ನಿಮ್ಮಲ್ಲಿ ಇದು ನಡೆಯುತ್ತಿದೆಯಾ ಅಂತ ತಿಳಿಯಲು ಸಿಸ್ಟಂ ಸೂಚಿಸಿದ ಸಂಖ್ಯೆಯನ್ನೂ ಅಂಗಡಿ ತಿದ್ದಿದ ಸಂಖ್ಯೆಯನ್ನೂ ಪಕ್ಕಪಕ್ಕ ಇಡಿ. ತಿದ್ದುಪಡಿ ಎಲ್ಲ ಮೇಲಕ್ಕೇ ಹೋಗುತ್ತಿದ್ದರೆ ಅದೇ ಸಾಕ್ಷಿ. ಕೊರತೆಯ ಐಟಂಗಳಿಗೆ ಹಂಚಿಕೆಯನ್ನು ಮಾರಾಟದ ಮೇಲೆ ಮಾಡಿ, ಇಂಡೆಂಟ್ ಮೇಲೆ ಬೇಡ.

ಸರಿಪಡಿಸಿದ ಮೇಲೆ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ಲಾರಿ ಬರುವವರೆಗೆ ಕಾಯಿರಿ. ಮೂರು ಕಡೆ ಒಟ್ಟಿಗೆ ತಿದ್ದಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ.

ಹಾಸನಕ್ಕೆ ನಾವು ಮಾಡಿದ್ದು ಇಷ್ಟು. ಕೇಸ್ ಪ್ಯಾಕ್ 20 ಇದ್ದದ್ದನ್ನು 10 ಮಾಡಿದೆವು. ಅಂಗಡಿ ಸ್ಟಾಕ್ ಅನ್ನು ಎಣಿಸಿ ಸೊನ್ನೆ ಮಾಡಿದೆವು. ದಾರಿಯಲ್ಲಿ ಇನ್ನೂ ಮುಚ್ಚದ ಒಂದು ಚಲನ್ ಹಳೇ ಲೆಕ್ಕದ್ದಿತ್ತು, ಅದನ್ನೂ ತಿದ್ದಿದೆವು. ಇಲ್ಲದಿದ್ದರೆ ಅದು ಬಂದ ದಿನ ಮತ್ತೆ ದೆವ್ವಗಳು ಸೇರುತ್ತಿದ್ದವು. ಆಮೇಲೆ ಮಿನ್-ಮ್ಯಾಕ್ಸ್ ಕೆಳಗಿಳಿಸಿದೆ.

ಹಾಸನದ್ದು ಮುಗಿಯಿತು ಅಂದುಕೊಂಡಾಗ ಗೋಡೌನ್‌ನ ಹುಡುಗನೊಬ್ಬ "ಸಾರ್, ಉದ್ದಿನಬೇಳೆ ಬಾಕ್ಸೂ ಈಗ ಸಣ್ಣದೇ ಬರ್ತಿದೆ" ಅಂದ. ಅದೇ ಪ್ಯಾಕರ್‌ನ ಉಳಿದ ಐಟಂಗಳನ್ನೆಲ್ಲ ಆವತ್ತೇ ಬಿಚ್ಚಿ ಎಣಿಸಿದೆವು. ಉದ್ದು, ಹೆಸರು, ಕಡಲೆ ಮೂರೂ 10ಕ್ಕೆ ಇಳಿದಿದ್ದವು. ಅವುಗಳಿಗೆ ಇನ್ನೂ ಯಾರೂ ಫೋನ್ ಮಾಡಿರಲಿಲ್ಲ.